ತಂತಿಗೆ ನೆನಪಿರೋ ಕಥೆ (ಒಟ್ಟು 9 ಕ್ಯಾಪ್ಷನ್)

1/9
ಮೊದಲ ಫೋಟೋದಲ್ಲಿ ಇರೋದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮೇಲೆ ನಮ್ಮ ಡ್ರೋನ್. ಕೆಳಗೆ 252 ಅಂತ ಕಾಣ್ತಿದೆಯಲ್ಲ, ಆ ಕೊನೆಯ 2 ಗ್ರಾಂ ದೆಸೆಯಿಂದ ನಾನೂ ನನ್ನ ರೂಮ್‌ಮೇಟೂ ಒಂದು ವಾರ ಮಾತು ಬಿಟ್ಟಿದ್ವಿ.

ನಮ್ಮ ದೇಶದ 2021ರ ಡ್ರೋನ್ ನಿಯಮದಲ್ಲಿ ಹೊರೆ ಎಲ್ಲ ಸೇರಿ 250 ಗ್ರಾಂವರೆಗೆ ಇದ್ರೆ ಅದು ನ್ಯಾನೋ. ದಾಟಿದ್ರೆ ಮೈಕ್ರೋ, ಪಾಲಿಸಬೇಕಾದ್ದರ ಪಟ್ಟಿ ಉದ್ದ ಆಗತ್ತೆ. ಅವನು ಮೆಕ್ಯಾನಿಕಲ್ ಓದೋನು, ನಾನು ಬಿಕಾಂ. ಕೆಲಸ ಅವನದು, ಲೆಕ್ಕ ನನ್ನದು. ಡ್ರೋನ್ ಹೊಟ್ಟೆಯಲ್ಲಿ ಒಂದು ಬೀಜದುಂಡೆ ಇಟ್ಟು, ಗುಡ್ಡದ ಮೇಲೆ ಹೋದಾಗ ಕೊಂಡಿ ಬಿಚ್ಚಿ ಬೀಳಿಸೋದು, ಅಷ್ಟೇ ಪ್ರಾಜೆಕ್ಟು. ಕೊಂಡಿ ಬಿಚ್ಚೋಕೆ ಎಲ್ಲರೂ ಹಾಕೋದು ಮೈಕ್ರೋ ಸರ್ವೋ: ಒಳಗೆ ಪುಟ್ಟ ಮೋಟರು, ಹಲ್ಲಿನ ಚಕ್ರಗಳು, ಒಟ್ಟು 9 ಗ್ರಾಂ. ಅದನ್ನ ತೆಗೆದ್ರೆ 243.

ಆಗ ಅವನು ಎಲ್ಲೋ ಓದ್ಕೊಂಡು ಬಂದ. ಕೂದಲಿನಷ್ಟು ತೆಳ್ಳಗಿನ ಒಂದು ತಂತಿ ಇದೆ, ಕರೆಂಟ್ ಕೊಟ್ರೆ ತಾನೇ ಕುಗ್ಗಿ ಎಳೆಯತ್ತೆ, ಮೋಟರೂ ಬೇಡ ಗೇರೂ ಬೇಡ ಅಂತ. ನನ್ನ ಮೆಸ್ ದುಡ್ಡಲ್ಲಿ ತರಿಸಿದ್ವಿ. ಡ್ರೋನಿನ 7.4 ವೋಲ್ಟ್ ಬ್ಯಾಟರಿಗೆ ನಾನೇ ನೇರವಾಗಿ ಸಿಕ್ಕಿಸಿದೆ. ತಂತಿ ಒಂದು ಸಲ ಚೆನ್ನಾಗಿ ಎಳೀತು. ನಾನು ಖುಷಿಯಲ್ಲಿ ಕೈ ತೆಗೀಲಿಲ್ಲ. ನಾಲ್ಕೈದು ಸೆಕೆಂಡ್ ಆದ ಮೇಲೆ ಬಿಟ್ರೆ, ಸತ್ತ ಹುಳದ ಹಾಗೆ ಸುಮ್ಮನೆ ಬಿದ್ದಿತ್ತು. ಮತ್ತೆ ಎಷ್ಟು ಕರೆಂಟ್ ಕೊಟ್ರೂ ಎಳೀಲಿಲ್ಲ.

ಮಾತು ಬಿಟ್ಟ ಆ ವಾರದಲ್ಲಿ ನಾನು ಓದಿದ್ದು ಈ ತಂತಿಯ ಇತಿಹಾಸ. ಕಾಸ್ಟ್ ಅಕೌಂಟಿಂಗ್ ಟೆಸ್ಟ್‌ಗೆ ಓದಬೇಕಿತ್ತು, ಅದು ಬೇರೆ ವಿಷಯ.

2/9
ಎರಡನೇ ಫೋಟೋ: ಹೊಸ ತಂತಿ, ನನ್ನ ಅಂಗೈ ಮೇಲೆ. ಸರಿಯಾಗಿ ಕಾಣ್ತಿಲ್ಲ, ಕ್ಷಮಿಸಿ. ಅಷ್ಟು ಸಣ್ಣ ಇದೆ.

ಇದರ ಜಾತಿಗೆ ಶೇಪ್ ಮೆಮೊರಿ ಅಲಾಯ್ ಅಂತಾರೆ, ಆಕಾರ ನೆನಪಿಟ್ಟುಕೊಳ್ಳೋ ಮಿಶ್ರಲೋಹ. ತಣ್ಣಗಿದ್ದಾಗ ಬಗ್ಗಿಸಿ, ಎಳೀರಿ, ಸುರುಳಿ ಮಾಡಿ. ಬಿಸಿ ಮಾಡಿದ ಕೂಡಲೇ ಹಳೇ ಆಕಾರಕ್ಕೆ ವಾಪಸ್ ಬರತ್ತೆ, ಬರುವಾಗ ಜೋರಾಗಿ ಎಳ್ಕೊಂಡು ಬರತ್ತೆ. ಆ ಎಳೆತವೇ ನಮಗೆ ಬೇಕಾದ ಕೆಲಸ.

ಕಥೆ ಶುರುವಾಗೋದು ಚಿನ್ನದಿಂದ. 1932ರಲ್ಲಿ ಸ್ವೀಡನ್ನಿನ ಆರ್ನೆ ಓಲಾಂಡರ್ ಚಿನ್ನ ಮತ್ತು ಕ್ಯಾಡ್ಮಿಯಂ ಬೆರೆಸಿದ ಲೋಹ ರಬ್ಬರಿನ ಹಾಗೆ ಆಡೋದನ್ನ ಗಮನಿಸಿದ. 1938ರಲ್ಲಿ ಅಮೆರಿಕದ ಗ್ರೆನಿಂಜರ್ ಮತ್ತು ಮೂರಾಡಿಯನ್ ಹಿತ್ತಾಳೆಯನ್ನ ತಣ್ಣಗೆ ಮಾಡಿದಾಗ ಒಳರಚನೆ ಬದಲಾಗೋದನ್ನೂ, ಬಿಸಿ ಮಾಡಿದಾಗ ಆ ಬದಲಾವಣೆ ಅಳಿಸಿಹೋಗೋದನ್ನೂ ಕಂಡರು. 1951ರಲ್ಲಿ ಚಾಂಗ್ ಮತ್ತು ರೀಡ್ ಅನ್ನೋರು ಅದೇ ಚಿನ್ನ-ಕ್ಯಾಡ್ಮಿಯಂನಲ್ಲಿ ಆಕಾರದ ನೆನಪನ್ನೇ ತೋರಿಸಿದ್ರು. 1958ರ ಬ್ರಸೆಲ್ಸ್ ವಿಶ್ವ ಮೇಳದಲ್ಲಿ ಅದರದೇ ಒಂದು ಪುಟ್ಟ ಯಂತ್ರ ತೂಕ ಎತ್ತಿ ಇಳಿಸ್ತಾ ಇತ್ತು. ಜನ ನೋಡಿದ್ರು, ಹೋದ್ರು.

ಬಿಕಾಂ ಬುದ್ಧಿಗೆ ಇಲ್ಲಿ ತಕ್ಷಣ ಅರ್ಥ ಆಗೋ ವಿಷಯ ಒಂದಿದೆ. ಒಂದು ಕಡೆ ಚಿನ್ನದ ರೇಟು, ಇನ್ನೊಂದು ಕಡೆ ವಿಷದ ಕ್ಯಾಡ್ಮಿಯಂ. ಇದನ್ನ ಯಾರು ಕೊಂಡ್ಕೋತಾರೆ ಹೇಳಿ? ವಿಜ್ಞಾನ ಸರಿಯಾಗೇ ಇತ್ತು, ಬಿಲ್ಲು ಸರಿ ಇರಲಿಲ್ಲ.

3/9
ಇದು ನನಗೆ ಅತಿ ಇಷ್ಟವಾದ ಭಾಗ, ಆದ್ದರಿಂದ ಸ್ವಲ್ಪ ಉದ್ದ. ಟೀ ಇದ್ರೆ ತಗೊಂಡು ಕೂತ್ಕೊಳ್ಳಿ.

1950ರ ದಶಕದ ಕೊನೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ನೌಕಾಪಡೆಯ ಒಂದು ಪ್ರಯೋಗಾಲಯ, ಹೆಸರು ನೇವಲ್ ಆರ್ಡ್‌ನನ್ಸ್ ಲ್ಯಾಬೊರೇಟರಿ. ಅಲ್ಲಿ ವಿಲಿಯಂ ಬ್ಯೂಲರ್ ಅನ್ನೋ ಲೋಹಶಾಸ್ತ್ರಜ್ಞ. ಜಲಾಂತರ್ಗಾಮಿಯಿಂದ ಹಾರಿಸೋ ಪೊಲಾರಿಸ್ ಕ್ಷಿಪಣಿ ಮೇಲೆ ಹೋಗಿ ಮತ್ತೆ ವಾತಾವರಣದ ಒಳಗೆ ನುಗ್ಗುವಾಗ ಅದರ ಮೂತಿ ಕಾದು ಕೆಂಡ ಆಗತ್ತೆ. ಆ ಮೂತಿಗೆ ತಡೆಯೋ ಲೋಹ ಹುಡುಕೋದು ಇವನ ಕೆಲಸ. ಎರಡೆರಡು ಲೋಹ ಸೇರಿಸಿದ ಹತ್ತಾರು ಸಂಯುಕ್ತಗಳ ಪಟ್ಟಿ ಮಾಡಿ, ಸೋಸಿ ಸೋಸಿ ಕೆಲವೇ ಉಳಿಸಿಕೊಂಡು, ಅವನ್ನ ಸುತ್ತಿಗೆಯಲ್ಲಿ ಹೊಡೆದು ನೋಡಿದ. ಬಾಕಿಯವಕ್ಕಿಂತ ಏಟು ಚೆನ್ನಾಗಿ ತಡೆದಿದ್ದು ನಿಕಲ್ ಮತ್ತು ಟೈಟಾನಿಯಂ ಜೋಡಿ. ಎರಡು ಲೋಹದ ಹೆಸರಿನ ಮೊದಲಕ್ಷರಗಳ ಜೊತೆ ತನ್ನ ಲ್ಯಾಬಿನ ಹೆಸರಿನ ಮೊದಲಕ್ಷರಗಳನ್ನೂ ಸೇರಿಸಿ ಅದನ್ನ ನಿಟಿನಾಲ್ ಅಂತ ಕರೆದ. ಕಂಪನಿ ಹೆಸರನ್ನ ಪ್ರಾಡಕ್ಟ್ ಒಳಗೇ ತೂರಿಸೋದು ಅಂದ್ರೆ ಇದೇ.

1959ರಲ್ಲಿ ಒಂದು ದಿನ ಆ ಲೋಹದ ಸರಳುಗಳನ್ನ ಎರಕ ಹೊಯ್ದು ಮೇಜಿನ ಮೇಲೆ ಆರೋಕೆ ಇಟ್ಟಿದ್ದ. ಮೊದಲು ಹೊಯ್ದಿದ್ದ ಸರಳು ಆರಿತ್ತು. ಅದನ್ನ ಉಜ್ಜೋಕೆ ತಗೊಂಡು ಹೋಗುವಾಗ ಬೇಕಂತಲೇ ಕಾಂಕ್ರೀಟ್ ನೆಲದ ಮೇಲೆ ಬಿಟ್ಟ. ಲೋಹ ಸರಿಯಾಗಿದೆಯಾ ಅಂತ ಸದ್ದಿನಲ್ಲೇ ತಿಳ್ಕೊಳ್ಳೋ ಹಳೇ ಉಪಾಯ, ನಮ್ಮಜ್ಜಿ ಮಡಕೆ ತಗೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡೋ ಹಾಗೆ. ಸೀಸ ಬಿದ್ದ ಹಾಗೆ ದೊಪ್ ಅಂತು. ಒಳಗೆ ಬಿರುಕು ಬಿಟ್ಟಿರಬೇಕು ಅಂತ ಅವನಿಗೆ ಭಯ ಆಯ್ತು. ಇನ್ನೂ ಬೆಚ್ಚಗಿದ್ದ ಬೇರೆ ಸರಳನ್ನ ಬಿಟ್ಟು ನೋಡಿದ. ಗಂಟೆ ಹೊಡೆದ ಹಾಗೆ ಠಣ್ ಅಂತು!

ಬಿರುಕು ಅಂತ ಬರೆದು ಮೂಲೆಗೆ ಎಸೆದಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು. ಅವನು ಹಾಗೆ ಮಾಡಲಿಲ್ಲ. ಬೆಚ್ಚಗಿನ ಸರಳನ್ನ ಕುಡಿಯೋ ನೀರಿನ ನಲ್ಲಿ ಕೆಳಗೆ ಹಿಡಿದು ತಣ್ಣಗೆ ಮಾಡಿ ಬಿಟ್ಟ. ದೊಪ್. ಅದನ್ನೇ ಕುದಿಯೋ ನೀರಲ್ಲಿ ಹಾಕಿ ತೆಗೆದು ಬಿಟ್ಟ. ಠಣ್. ಒಂದೇ ಸರಳು, ಒಂದೇ ತೂಕ, ನೀರು ಕುದಿಯುವಷ್ಟು ಬಿಸಿಯೊಳಗೇ ಎರಡು ಬೇರೆ ಬೇರೆ ಲೋಹದ ಹಾಗೆ ಆಡ್ತಿದೆ.

ಅದಾಗಿ ಒಂದೆರಡು ವರ್ಷಕ್ಕೆ ಲ್ಯಾಬಿನ ದೊಡ್ಡವರ ಮೀಟಿಂಗು. ಬ್ಯೂಲರ್‌ಗೆ ಹೋಗೋಕಾಗಲಿಲ್ಲ, ಜೊತೆಗಾರ ರೇಮಂಡ್ ವೈಲಿ ಹೋದ. ಕೈಯಲ್ಲಿ ನಿಟಿನಾಲ್‌ನ ಒಂದು ತೆಳು ಪಟ್ಟಿ, ಕಾಗದದ ಬೀಸಣಿಗೆ ಥರ ಮಡಿಚಿದ್ದು. ಎಷ್ಟು ಬಗ್ಗಿಸಿದ್ರೂ ಮುರಿಯಲ್ಲ ಅಂತ ತೋರಿಸೋಕೆ ಅಷ್ಟೇ. ಕೈಯಿಂದ ಕೈಗೆ ದಾಟ್ತಾ ಅದು ಡೇವಿಡ್ ಮಝಿ ಅನ್ನೋ ಹಿರಿಯರ ಹತ್ತಿರ ಬಂತು. ಅವರಿಗೆ ಪೈಪ್ ಸೇದೋ ಅಭ್ಯಾಸ. ಬಿಸಿ ಮಾಡಿದ್ರೆ ಏನಾಗತ್ತೋ ನೋಡೋಣ ಅಂತ ಪೈಪಿನ ಲೈಟರ್ ಹಿಡಿದ್ರು. ಎಲ್ಲರ ಕಣ್ಣೆದುರೇ ಮಡಿಕೆ ಬಿಚ್ಚಿಕೊಂಡು ಪಟ್ಟಿ ನೆಟ್ಟಗೆ ಚಾಚಿತು.

ಕ್ಷಿಪಣಿ ಮೂತಿ ಹುಡುಕೋಕೆ ಹೋದ ಲೋಹ ಇದು ಅನ್ನೋದನ್ನ ಮರೀಬೇಡಿ.

4/9
ಒಳಗೆ ಏನಾಗತ್ತೆ ಅಂತ ಬಿಡಿಸಿ ಹೇಳೋಕೆ 1962ರಲ್ಲಿ ಅದೇ ಲ್ಯಾಬಿಗೆ ಫ್ರೆಡರಿಕ್ ವಾಂಗ್ ಬಂದ್ರು, ಹರಳುಗಳ ಭೌತಶಾಸ್ತ್ರ ಗೊತ್ತಿದ್ದವರು. ನನಗೆ ಅರ್ಥವಾದಷ್ಟು ಹೇಳ್ತೀನಿ, ಸೈನ್ಸ್‌ನವರು ನಗಬೇಡಿ.

ಬಿಸಿಯಲ್ಲಿ ಇದರ ಪರಮಾಣುಗಳು ಬೆಳಗಿನ ಪ್ರೇಯರ್ ಸಾಲಿನ ಹಾಗೆ ಚೌಕಟ್ಟಾಗಿ ನಿಂತಿರತ್ವೆ. ಅದಕ್ಕೆ ಆಸ್ಟೆನೈಟ್ ಅಂತ ಹೆಸರು. ತಣ್ಣಗಾದಾಗ ಸಾಲು ಓರೆಯಾಗತ್ತೆ, ಅದು ಮಾರ್ಟೆನ್ಸೈಟ್. ಓರೆಯಾದ ಸಾಲನ್ನ ಎಡಕ್ಕೂ ಬಲಕ್ಕೂ ವಾಲಿಸೋದು ಸುಲಭ, ಅದಕ್ಕೇ ತಣ್ಣಗಿನ ತಂತಿ ಮೆತ್ತಗೆ ಬಗ್ಗತ್ತೆ. ಆದರೆ ಯಾರೂ ಪಕ್ಕದವರನ್ನ ಬಿಟ್ಟು ಬೇರೆ ಕಡೆ ಹೋಗಿರಲ್ಲ. ಬಿಸಿಯಾದಾಗ ಎಲ್ಲರೂ ತಮ್ಮ ತಮ್ಮ ಜಾಗಕ್ಕೇ ವಾಪಸ್. ನಾವು ಅದನ್ನ ನೆನಪು ಅಂತೀವಿ.

ಅಂಗಡಿಯಲ್ಲಿ ಸಿಗೋ ಎಳೆಯೋ ತಂತಿ ಸಾಮಾನ್ಯವಾಗಿ 70 ಅಥವಾ 90 ಡಿಗ್ರಿ ಸೆಲ್ಸಿಯಸ್‌ನದು. ನಮ್ಮದು 0.15 ಮಿ.ಮೀ. ದಪ್ಪ. 20 ಸೆಂ.ಮೀ. ತುಂಡಿನ ತೂಕ 23 ಮಿಲಿಗ್ರಾಂ ಹತ್ತಿರ, ಅಂದ್ರೆ ಒಂದು ಗ್ರಾಂಗೆ ಇಂಥ ನಲವತ್ತಕ್ಕೂ ಹೆಚ್ಚು ತುಂಡು. ಎಳೆಯೋ ಬಲ ಮಾತ್ರ 300 ಗ್ರಾಂ ಮೇಲೆ. ಡ್ರೋನನ್ನೇ ಎತ್ತಬಲ್ಲದು!

ಈಗ ಇನ್ನೊಂದು ಕಾಲಂ. ಕುಗ್ಗೋದು ಉದ್ದದ ನೂರರಲ್ಲಿ ನಾಲ್ಕು ಪಾಲು, ಅಂದ್ರೆ 20 ಸೆಂ.ಮೀ.ಗೆ 8 ಮಿ.ಮೀ. ಅಷ್ಟೇ. ಕೊಟ್ಟ ಕರೆಂಟಿನಲ್ಲಿ ಬಹುಪಾಲು ಬರೀ ಶಾಖವಾಗಿ ಹೋಗತ್ತೆ, ಕೆಲಸಕ್ಕೆ ಬರೋದು ಚಿಲ್ಲರೆ. ಜಾಸ್ತಿ ಕಾಯಿಸಿದ್ರೆ ಒಳಗಿನ ಸಾಲೇ ಕೆಟ್ಟು ನೆನಪು ಹೋಗತ್ತೆ. ನಮ್ಮ ತಂತಿಗೆ 0.4 ಆಂಪಿಯರ್ ಸಾಕಿತ್ತು, ನಾನು ಬ್ಯಾಟರಿಗೆ ನೇರ ಸಿಕ್ಕಿಸಿ ಒಂದೂವರೆ ಪಟ್ಟಿಗೂ ಜಾಸ್ತಿ ಹರಿಸಿದ್ದೆ.

ಎಲ್ಲಕ್ಕಿಂತ ದೊಡ್ಡ ಸಾಲ ಅಂದ್ರೆ ಆರೋದು. ಕಾಯಿಸೋಕೆ ನಾವು ಎಷ್ಟು ಬೇಕಾದ್ರೂ ಅವಸರ ಮಾಡಬಹುದು. ಆರೋದು ಗಾಳಿಯ ಕೈಯಲ್ಲಿದೆ. ಆರದೆ ತಂತಿ ಮತ್ತೆ ಉದ್ದ ಆಗಲ್ಲ, ಉದ್ದ ಆಗದೆ ಎರಡನೇ ಸಲ ಎಳೆಯಲ್ಲ. ಈ ಲೋಹದ ಅರವತ್ತು ವರ್ಷದ ಇತಿಹಾಸವನ್ನ ನಾನು ಓದಿಕೊಂಡಿದ್ದು ಆ ಸಾಲ ತೀರಿಸೋ ಕಥೆಯಾಗೇ.

5/9
ಮೊದಲನೇ ಉಪಾಯ: ಎರಡನೇ ಸಲ ಎಳೆಯೋ ಕೆಲಸವನ್ನೇ ಕೊಡದೇ ಇರೋದು.

1970ರ ಹೊತ್ತಿಗೆ ಅಮೆರಿಕದ ಎಫ್-14 ಯುದ್ಧವಿಮಾನ ತಯಾರಾಗ್ತಿತ್ತು. ಅದರ ಒಳಗೆ ಹೈಡ್ರಾಲಿಕ್ ಪೈಪುಗಳ ಕಾಡು. ಇಕ್ಕಟ್ಟಿನ ಜಾಗದಲ್ಲಿ ಪೈಪು ಜೋಡಿಸೋಕೆ ವೆಲ್ಡಿಂಗ್ ಕಷ್ಟ. ರೇಕೆಮ್ ಅನ್ನೋ ಕಂಪನಿ ನಿಟಿನಾಲ್ ಕುಟುಂಬದ ಲೋಹದಲ್ಲಿ ಬಳೆ ಥರದ ಜೋಡಕ ಮಾಡಿತು. ಅದನ್ನ ದ್ರವ ಸಾರಜನಕದಲ್ಲಿ ಅದ್ದಿ ಇಟ್ಟಿರ್ತಾರೆ. ತೆಗೆದು ಎರಡು ಪೈಪಿನ ತುದಿಗೆ ತೊಡಿಸಿದ್ರೆ ಸಾಕು, ರೂಮಿನ ಬಿಸಿಗೇ ಅದು ಕುಗ್ಗಿ ಪೈಪನ್ನ ಕಚ್ಚಿಕೊಳ್ಳತ್ತೆ. ಜೀವಮಾನದಲ್ಲಿ ಒಂದೇ ಒಂದು ಸಲ ನೆನಪು ಮಾಡ್ಕೊಂಡ್ರೆ ಸಾಕಾಗೋ ಕೆಲಸ. ಈ ಲೋಹದ ಮೊದಲ ದೊಡ್ಡ ವ್ಯಾಪಾರ ಇದೇ.

ಆಮೇಲೆ ಹಲ್ಲಿನ ಕ್ಲಿಪ್ಪಿನ ತಂತಿ ಬಂತು, ರಕ್ತನಾಳ ಮುಂತಾದ ಕಡೆ ಹಾಕೋ ಸ್ಟೆಂಟ್ ಬಂತು. ನಿಮ್ಮಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸ್ಕೊಂಡವರ ಬಾಯಲ್ಲಿ ಈ ಲೋಹ ಇರೋ ಸಾಧ್ಯತೆ ಚೆನ್ನಾಗೇ ಇದೆ. ನಮ್ಮ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲೂ ನಿಕಲ್-ಟೈಟಾನಿಯಂ ಮೇಲೆ ಕೆಲಸ ಆಗಿದೆ.

6/9
ಈಗ ಮನುಷ್ಯರಿಲ್ಲದ ಗಾಡಿಗಳ ಕಡೆ ಬರೋಣ.

1997ರ ಜುಲೈ, ಮಂಗಳ ಗ್ರಹ. ಪಾಥ್‌ಫೈಂಡರ್ ನೌಕೆಯಿಂದ ಇಳಿದ ಸೊಜರ್ನರ್ ಅನ್ನೋ ಪುಟ್ಟ ಆರು ಚಕ್ರದ ಗಾಡಿ. ಅದರ ಮೇಲೆ ಒಂದು ಸೋಲಾರ್ ಸೆಲ್, ಸೆಲ್ ಮೇಲೆ ಗಾಜಿನ ಮುಚ್ಚಳ. ಮುಚ್ಚಳದ ಮೇಲೆ ಧೂಳು ಕೂರತ್ತೆ. ಧೂಳಿಂದ ಎಷ್ಟು ಕರೆಂಟ್ ನಷ್ಟ ಅಂತ ಅಳೀಬೇಕಾದ್ರೆ ಒಂದು ಸಲ ಮುಚ್ಚಳ ಇಟ್ಟು, ಇನ್ನೊಂದು ಸಲ ಸರಿಸಿ ನೋಡ್ಬೇಕು. ಸರಿಸೋಕೆ ಮೋಟರ್ ಇಟ್ರೆ ಭಾರ. ನಿಟಿನಾಲ್ ತಂತಿ ಇಟ್ರು. ಕರೆಂಟ್ ಕೊಟ್ಟಾಗ ತಂತಿ ಕುಗ್ಗಿ ಮುಚ್ಚಳ ಸರೀತು. ಲೆಕ್ಕ ಸಿಕ್ತು: ದಿನಕ್ಕೆ ಶೇಕಡಾ 0.28 ನಷ್ಟ. ಡಿಪ್ರಿಸಿಯೇಶನ್ ರೇಟನ್ನ ಬೇರೆ ಗ್ರಹದಲ್ಲಿ ಒಂದು ತಂತಿ ಅಳೆದುಕೊಟ್ಟಿದ್ದು ನನಗಂತೂ ತುಂಬ ಖುಷಿಯಾದ ವಿಷಯ. ದಿನದಲ್ಲಿ ಎಂದೋ ಒಮ್ಮೆ ಎಳೆದ್ರೆ ಸಾಕು, ನಿಧಾನ ಆದ್ರೂ ಯಾರೂ ಬೈಯ್ಯಲ್ಲ.

2005ರಲ್ಲಿ ಬೋಯಿಂಗ್‌ನವರು 777 ವಿಮಾನದ ಇಂಜಿನ್ ಹಿಂಭಾಗದ ಗರಗಸದಂಥ ಅಂಚನ್ನ ಈ ಲೋಹದಿಂದ ಬಗ್ಗಿಸಿ ಹಾರಿಸಿ ನೋಡಿದ್ರು. ಮೇಲೇರುವಾಗ ಸದ್ದು ಕಮ್ಮಿಯಾಗೋಕೆ ಅಂಚು ಒಳಕ್ಕೆ ಬಾಗಬೇಕು, ಎತ್ತರದ ಚಳಿಯಲ್ಲಿ ನೆಟ್ಟಗಾಗಬೇಕು. ಚಳಿ ಅಲ್ಲಿ ಪುಕ್ಕಟೆ ಸಿಗತ್ತೆ ನೋಡಿ.

ಆಮೇಲೆ ನಮ್ಮ ರೂಮಿನ ಜಗಳಕ್ಕೆ ನೇರ ಸಂಬಂಧಪಟ್ಟಿದ್ದು. 1960ರ ದಶಕದಲ್ಲಿ ಅಮೆರಿಕದ ಎಕ್ಸ್‌ಬಿ-70 ಅನ್ನೋ ದೈತ್ಯ ವಿಮಾನ ಶಬ್ದಕ್ಕಿಂತ ವೇಗವಾಗಿ ಹಾರುವಾಗ ರೆಕ್ಕೆಯ ತುದಿಗಳನ್ನ ಕೆಳಕ್ಕೆ ಮಡಚ್ತಿತ್ತು. ಮಡಚಿದ್ರೆ ವಿಮಾನ ಅಡ್ಡಾದಿಡ್ಡಿ ಓಡಲ್ಲ, ಸ್ಥಿರವಾಗಿರತ್ತೆ. ಆದ್ರೆ ಅದಕ್ಕೆ ಬೇಕಾದ ಮೋಟರು, ಹೈಡ್ರಾಲಿಕ್ಸ್ ಎಲ್ಲ ಭಯಂಕರ ಭಾರ. ಐವತ್ತು ವರ್ಷ ಆದ ಮೇಲೆ ನಾಸಾದವರು ಅದೇ ಯೋಚನೆಯನ್ನ ಪ್ಟೆರಾ ಅನ್ನೋ ಪೈಲಟ್ ಇಲ್ಲದ ವಿಮಾನಕ್ಕೆ ತಂದ್ರು. 2017ರ ಅಕ್ಟೋಬರ್ 6ರಿಂದ ಡಿಸೆಂಬರ್ 5ರ ಮಧ್ಯೆ ಕ್ಯಾಲಿಫೋರ್ನಿಯಾದ ಆರ್ಮ್‌ಸ್ಟ್ರಾಂಗ್ ಕೇಂದ್ರದಲ್ಲಿ ಹಾರಾಟಗಳು ನಡೆದವು. ರೆಕ್ಕೆ ತುದಿ ಹಾರುತ್ತಲೇ ಮೇಲಕ್ಕೂ ಕೆಳಕ್ಕೂ 70 ಡಿಗ್ರಿವರೆಗೆ ಮಡಚಿತು. ಮಡಚಿದ್ದು ಬಿಸಿ ಕೊಟ್ಟಾಗ ತಿರುಚಿಕೊಳ್ಳೋ ನೆನಪಿನ ಲೋಹದ ಕೊಳವೆ. ಹಳೇ ವ್ಯವಸ್ಥೆಗಿಂತ ಶೇಕಡಾ 80ರವರೆಗೆ ಹಗುರ ಅಂತ ನಾಸಾ ಹೇಳಿತು.

ರೆಕ್ಕೆ ಮಡಚೋದು ಸೆಕೆಂಡಿಗೊಂದು ಸಲ ಮಾಡೋ ಕೆಲಸ ಅಲ್ಲ, ಆರಾಮಾಗಿ ಮಾಡಬಹುದು. ಇಲ್ಲೂ ಕೆಲಸ ಆರಿಸಿದ ರೀತಿಯಲ್ಲೇ ಜಾಣತನ ಇತ್ತು.

7/9
ಹಾಗಾದ್ರೆ ರೆಕ್ಕೆ ಬಡಿಯೋ ಡ್ರೋನ್? ಪಟಪಟ ಬಡಿಯೋದಕ್ಕೆ ಇದು ಆಗಲ್ವಾ?

2009ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾವಲಿ ನೋಡಿ ಒಂದು ಯಂತ್ರ ಕಟ್ಟಿದ್ರು, ಗೆಯೋರ್ಗೆ ಬುಂಗೆಟ್ ಮತ್ತು ಸ್ಟೆಫಾನ್ ಸೀಲೆಕೆ. ಹೆಸರು ಬ್ಯಾಟ್‌ಮ್ಯಾವ್. ಕೀಲುಗಳಿಗೆ ರಬ್ಬರಿನಂತೆ ಬಗ್ಗೋ ನಿಟಿನಾಲ್, ಸ್ನಾಯುಗಳಿಗೆ ಕರೆಂಟಿಗೆ ಕುಗ್ಗೋ ನಿಟಿನಾಲ್. ಒಟ್ಟು ತೂಕ 6 ಗ್ರಾಂಗಿಂತ ಕಮ್ಮಿ, ನಮ್ಮ ಸರ್ವೋಗಿಂತ ಹಗುರ ಮಾರಾಯ್ರೇ.

ದಪ್ಪ ತಂತಿ ನಿಧಾನವಾಗಿ ಆರತ್ತೆ, ಸಣ್ಣ ತಂತಿ ಬೇಗ ಆರತ್ತೆ. ಮುದ್ದೆ ಮತ್ತು ಶಾವಿಗೆ ಯೋಚನೆ ಮಾಡಿ. ಒಂದೇ ಒಲೆಯಿಂದ ಇಳಿಸಿದ್ರೂ ತಟ್ಟೆಯಲ್ಲಿ ಶಾವಿಗೆ ಮೊದಲು ಆರತ್ತೆ, ಮುದ್ದೆ ಒಳಗೆ ಸುಡ್ತಾನೇ ಇರತ್ತೆ. ಮಾರಾಟಕ್ಕಿರೋ 0.15 ಮಿ.ಮೀ. ತಂತಿ ಆರೋಕೆ ಸುಮಾರು 2 ಸೆಕೆಂಡ್ ತಗೊಂಡ್ರೆ, 0.1 ಮಿ.ಮೀ. ತಂತಿಗೆ ಸುಮಾರು 1 ಸೆಕೆಂಡ್. 0.025 ಮಿ.ಮೀ. ಆದ್ರೆ ಸೆಕೆಂಡಿನ ಐದನೇ ಒಂದು ಭಾಗವೂ ಬೇಡ. ಎಳೆಯೋ ಬಲ ಮಾತ್ರ 9 ಗ್ರಾಂಗೆ ಇಳೀತು. ಅಂದ್ರೆ ಯಂತ್ರ ಚಿಕ್ಕದಾದಷ್ಟೂ ಈ ಲೋಹಕ್ಕೆ ಅನುಕೂಲ.

8/9
ಚಿಕ್ಕದು ಅಂದ್ರೆ ಎಷ್ಟು ಚಿಕ್ಕದು?

2020ರಲ್ಲಿ ಕ್ಯಾಲಿಫೋರ್ನಿಯಾದ ಒಂದು ತಂಡ, ನೆಸ್ಟೋರ್ ಪೆರೆಸ್-ಅರಾನ್ಸಿಬಿಯಾ ಮತ್ತು ಜೊತೆಯವರು, ರೋಬೀಟಲ್ ಅನ್ನೋ ಹುಳ ಮಾಡಿದ್ರು. ತೂಕ 88 ಮಿಲಿಗ್ರಾಂ. ಬ್ಯಾಟರಿನೇ ಇಲ್ಲ! ಹೊಟ್ಟೆಯಲ್ಲಿ ಮೆಥನಾಲ್ ತುಂಬಿದ ಪುಟ್ಟ ಟ್ಯಾಂಕು. ನಿಟಿನಾಲ್ ತಂತಿಗೆ ಪ್ಲಾಟಿನಂ ಪುಡಿ ಲೇಪ ಇದೆ, ಮೆಥನಾಲ್ ಆವಿ ಅದಕ್ಕೆ ತಾಗಿದ್ರೆ ಜ್ವಾಲೆ ಇಲ್ಲದೇ ಉರಿದು ಶಾಖ ಬರತ್ತೆ. ತಂತಿ ಕುಗ್ಗತ್ತೆ, ಕಾಲು ಮುಂದೆ ಹೋಗತ್ತೆ. ಕುಗ್ಗುವಾಗ ಅದೇ ತಂತಿ ಟ್ಯಾಂಕಿನ ಕಿಂಡಿಯನ್ನೂ ಮುಚ್ಚಿಬಿಡತ್ತೆ. ಆವಿ ನಿಂತಾಗ ತಂತಿ ಆರತ್ತೆ, ಉದ್ದ ಆಗತ್ತೆ, ಕಿಂಡಿ ತೆರೆಯತ್ತೆ, ಮತ್ತೆ ಶುರು. ಕಂಪ್ಯೂಟರ್ ಇಲ್ಲ, ಸರ್ಕ್ಯೂಟ್ ಇಲ್ಲ. ತೂಕಕ್ಕೆ ತೂಕ ನೋಡಿದ್ರೆ ಮೆಥನಾಲ್‌ನಲ್ಲಿ ಬ್ಯಾಟರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಶಕ್ತಿ ಇರೋದ್ರಿಂದ ಈ ಸರ್ಕಸ್ಸು. ಅದು ಹಾರಲ್ಲ, ತೆವಳತ್ತೆ. ನಾನು ಇದನ್ನ ಮೂರು ಸಲ ಓದಿದೆ.

ಆಮೇಲೆ ಅದೇ ವಿಜ್ಞಾನಿಯ ತಂಡ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 8 ಮಿಲಿಗ್ರಾಂನ ಒಂದು ಹುಳ, 55 ಮಿಲಿಗ್ರಾಂನ ನೀರಿನ ಮೇಲೆ ಓಡೋ ಇನ್ನೊಂದು ಹುಳ ಮಾಡಿತು. ಎಳೆಯೋ ಭಾಗದ ತೂಕ 1 ಮಿಲಿಗ್ರಾಂಗಿಂತ ಕಮ್ಮಿ, ತಂತಿ ಅದೇ 0.025 ಮಿ.ಮೀ. ದಪ್ಪದ್ದು. ಅದು ಸೆಕೆಂಡಿಗೆ 40 ಸಲದವರೆಗೆ ಆಡತ್ತೆ. ಬ್ಯೂಲರ್ ಸರಳನ್ನ ನಲ್ಲಿ ನೀರಲ್ಲಿ ಹಿಡಿದು ಆರಿಸ್ತಿದ್ದ ಕಾಲದಿಂದ ಇಲ್ಲಿಗೆ ಬಂದಿದೆ.

9/9
ಕೊನೇ ಫೋಟೋ ನಮ್ಮ ಹೊಸ ಕೊಂಡಿ.

ಏಳನೇ ದಿನ ರಾತ್ರಿ ಊಟದ ಹೊತ್ತಿಗೆ ನಾನೇ ಮಾತಾಡಿಸಿದೆ. ‘ಮಗಾ, ಎಫ್-14ರ ಬಳೆ ಒಂದೇ ಸಲ ಕೆಲಸ ಮಾಡತ್ತೆ, ಗೊತ್ತಾ?’ ಅಂದೆ. ಅವನು ತಟ್ಟೆಯಿಂದ ತಲೆ ಎತ್ತದೇ ‘ಅದಕ್ಕೇನೀಗ’ ಅಂದ. ನಮ್ಮ ಬೀಜದುಂಡೆನೂ ಒಂದು ಹಾರಾಟಕ್ಕೆ ಒಂದೇ ಸಲ ಬೀಳೋದಲ್ವಾ, ಬೇಗ ಆರ್ಲಿ ಅಂತ ನಾವ್ಯಾಕೆ ಒದ್ದಾಡ್ಬೇಕು ಅಂದೆ. ಆಗ ತಲೆ ಎತ್ತಿದ.

ಈಗ ಇರೋದು ಹೀಗೆ: 20 ಸೆಂ.ಮೀ. ತಂತಿಯನ್ನ ಡ್ರೋನಿನ ಎರಡು ತೋಳಿನ ಉದ್ದಕ್ಕೆ ಎಳೆದಿದ್ದೀವಿ. ಅದು 8 ಮಿ.ಮೀ. ಕುಗ್ಗಿದ್ರೆ ಪಿನ್ ಹೊರಬಂದು ಉಂಡೆ ಬೀಳತ್ತೆ. ಪಿನ್ ವಾಪಸ್ ತಳ್ಳೋಕೆ ಪೆನ್ನಿನ ಸ್ಪ್ರಿಂಗು. ತಂತಿಯ ತುದಿಗೆ ಬೆಸುಗೆ ಸರಿಯಾಗಿ ಹಿಡಿಯಲ್ಲ, ಅದಕ್ಕೆ ಪುಟ್ಟ ಹಿತ್ತಾಳೆ ಕೊಳವೆಯಲ್ಲಿ ತೂರಿಸಿ ಇಕ್ಕಳದಲ್ಲಿ ಒತ್ತಿದ್ದೀವಿ. ಕರೆಂಟು ಅಳತೆ ಮೀರದ ಹಾಗೆ, ಒಂದು ಸೆಕೆಂಡಿಗೆ ತಾನೇ ನಿಲ್ಲೋ ಹಾಗೆ ಅವನು ಕೋಡ್ ಬರೆದಿದ್ದಾನೆ. ನನಗೆ ಆ ವೈರು ಮುಟ್ಟೋ ಅನುಮತಿ ಇಲ್ಲ.

ಎಲ್ಲ ಸೇರಿ ತಕ್ಕಡಿಯಲ್ಲಿ 245 ಬಂತು. ಮೆಸ್ ಬಿಲ್ ಇನ್ನೂ ಬಾಕಿ ಇದೆ. ಮೇಜಿನ ಮೇಲೆ ಹನ್ನೆರಡು ಸಲ ಪರೀಕ್ಷೆ ಮಾಡಿದ್ವಿ, ಹನ್ನೊಂದು ಸಲ ಬಿತ್ತು. ಹನ್ನೆರಡನೇ ಸಲ ಫ್ಯಾನ್ ಜೋರಾಗಿತ್ತು, ತಂತಿ ಕಾಯಲೇ ಇಲ್ಲ. ಹಾರುವಾಗ ನಾಲ್ಕು ರೆಕ್ಕೆಯ ಗಾಳಿ ಅದಕ್ಕಿಂತ ಜೋರು, ಹಾಗಾಗಿ ತಂತಿಗೆ ತೆಳ್ಳಗಿನ ಪ್ಲಾಸ್ಟಿಕ್ ಕೊಳವೆ ತೊಡಿಸ್ಬೇಕು ಅಂತ ಅವನು, ಕೊಳವೆ ಎಷ್ಟು ಗ್ರಾಂ ಅಂತ ನಾನು. ಭಾನುವಾರ ಗುಡ್ಡಕ್ಕೆ ಹೋಗ್ತೀವಿ, ಬರೋರು ಬೆಳಿಗ್ಗೆ 7ಕ್ಕೆ ಹಾಸ್ಟೆಲ್ ಗೇಟ್ ಹತ್ರ ಬನ್ನಿ.